ತೊಟ್ಟಿಲ ದಿನ ತೊಡಿಸಿದ ಬಳೆ

ಆ ಕಾಲದಲ್ಲಿ ಯಾರೂ ಯಾರನ್ನೂ ‘ಆರಾಮ ಅದೀರೇನು?’ ಎಂದು ಕೇಳುತ್ತಿರಲಿಲ್ಲ. ಕೇಳುವ ಬದಲು ಕೈ ನೋಡುತ್ತಿದ್ದರು. ಸಂತೆಯಲ್ಲಿ ಎದುರಾದವರು, ಬಸ್ಸಿನಲ್ಲಿ ಪಕ್ಕ ಕೂತವರು, ವರ್ಷಗಟ್ಟಲೆ ಮುಖ ಕಾಣದ ಬೀಗರು, ಎಲ್ಲರ ಕಣ್ಣೂ ಮೊದಲು ಹೋಗುತ್ತಿದ್ದುದು ಮಣಿಕಟ್ಟಿಗೆ. ಅಲ್ಲಿದ್ದ ಬಳೆ ಹಸಿರಾಗಿದ್ದರೆ ಆ ಮನುಷ್ಯ ಆರಾಮ. ಹಳದಿಗೆ ತಿರುಗಿದರೆ ಡಾಕ್ಟರ ಹತ್ತಿರ ಹೋಗಬೇಕು, ಕೆಂಪಾದರೆ ಡಾಕ್ಟರೇ ಮನೆಗೆ ಬರುತ್ತಾರೆ. ಇದಕ್ಕಿಂತ ಹೆಚ್ಚಿನ ಸುಖ ಇನ್ನೇನು ಬೇಕು ಹೇಳಿ? ಗಂಡಸರಿಗೆಂದು ಅದನ್ನೇ ಕಡಗದ ಆಕಾರದಲ್ಲಿ ಮಾಡಿದ್ದರು, ಆದರೂ ಜನರ ಬಾಯಲ್ಲಿ ಅದು ಬಳೆಯೇ ಆಯಿತು.

ದಾಕ್ಷಾಯಿಣಿಗೆ ಈ ಬಳೆಯೇ ಅನ್ನ. ಹುಬ್ಬಳ್ಳಿಯಲ್ಲಿ ಬಳೆಗಳನ್ನು ಕಾಯುವ ಕೇಂದ್ರವೊಂದಿತ್ತು. ಆಕೆ ಬೆಳಗಿನ ಗಾಡಿಗೆ ಗದಗಿನಿಂದ ಹೋಗಿ ಸಂಜೆಯ ಗಾಡಿಗೆ ವಾಪಸು ಬರುತ್ತಿದ್ದಳು. ಅಲ್ಲಿ ಒಂದಿಡೀ ಗೋಡೆಯೇ ಪರದೆ. ಸುತ್ತಲ ಜಿಲ್ಲೆಗಳಲ್ಲಿ ಬಳೆ ತೊಟ್ಟ ಒಬ್ಬೊಬ್ಬರಿಗೂ ಅದರ ಮೇಲೆ ಒಂದೊಂದು ಚುಕ್ಕೆ. ಯಾವುದಾದರೂ ಚುಕ್ಕೆ ಹಳದಿಯಾದರೆ ಆ ಮನೆಗೆ ಫೋನ್ ಮಾಡಿ, ಹೆದರಬೇಡಿ ಎಂದು ಹೇಳಿ, ಹತ್ತಿರದ ಆಸ್ಪತ್ರೆಯ ದಾರಿ ತೋರಿಸುವುದು ಅವಳ ಕೆಲಸ. ಹಸಿರಿನವರಿಗೆ ಮಾತ್ರ ಫೋನ್ ಮಾಡಕೂಡದು, ಸುಮ್ಮನಿದ್ದವರನ್ನು ಸುಮ್ಮನೆ ಹೆದರಿಸಿದಂತಾಗುತ್ತದೆ ಎಂಬುದು ಕೇಂದ್ರದ ನಿಯಮ. ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಗೋಡೆ ತುಂಬ ಹಸಿರು ಕಂಡರೆ ಅವಳಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ.

ಬಳೆಯ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ಕಣ್ಣುಗಳಿದ್ದವು. ಚರ್ಮದ ಬಿಸಿ, ನಾಡಿಯ ಓಟ, ಬೆವರಿನಲ್ಲಿ ಕರಗಿ ಬರುವ ಸಾರಗಳು, ಮೈಯೊಳಗೆ ಎಲ್ಲಾದರೂ ಉರಿಯೂತವಿದ್ದರೆ ಅದರ ಗುರುತು, ಎಲ್ಲವನ್ನೂ ಅವು ಓದುತ್ತಿದ್ದವು. ಆದರೆ ಅದರ ಜಾಣತನವೆಲ್ಲ ಓದುವುದರಲ್ಲಿ ಇರಲಿಲ್ಲ, ಹೋಲಿಸುವುದರಲ್ಲಿ ಇತ್ತು. ಮೊದಮೊದಲು ಬಂದ ಯಂತ್ರಗಳು ಊರಿಗೆಲ್ಲ ಒಂದೇ ಅಳತೆಗೋಲು ಹಿಡಿದು, ಗಟ್ಟಿಮುಟ್ಟಾದವರಿಗೂ ಕೆಂಪು ತೋರಿಸಿ ಆಸ್ಪತ್ರೆಗಳ ಮುಂದೆ ಜಾತ್ರೆ ನೆರೆಸಿಬಿಟ್ಟಿದ್ದವು. ಈ ಬಳೆ ಹಾಗಲ್ಲ. ತೊಟ್ಟ ಮೊದಲ ಕೆಲವು ವಾರ ಅದು ಬಾಯಿ ಮುಚ್ಚಿಕೊಂಡು ಕಲಿಯುತ್ತದೆ, ಈ ಜೀವದ ಸಹಜ ಸ್ಥಿತಿ ಹೀಗೆ ಎಂದು ಮನದಟ್ಟು ಮಾಡಿಕೊಳ್ಳುತ್ತದೆ. ಆಮೇಲೆ ಅದರಿಂದ ಆಚೀಚೆ ಸರಿದರಷ್ಟೇ ಬಣ್ಣ ಬದಲಿಸುತ್ತದೆ. ಪ್ರತಿಯೊಬ್ಬರಿಗೂ ಅವರವರದೇ ಅಳತೆಗೋಲು.

ದಾಕ್ಷಾಯಿಣಿಯ ತಂಗಿ ತೇಜಸ್ವಿನಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆಣ್ಣುಕೂಸು. ತೊಟ್ಟಿಲು ಕಟ್ಟಿ ಹೆಸರಿಡುವ ದಿನ ತವರಿನವರು ಬಾಣಂತಿಯ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸುವುದು ಅವರಲ್ಲಿ ನಡೆದು ಬಂದ ಪದ್ಧತಿ. ಅವತ್ತು ಗಾಜಿನ ಬಳೆಗಳ ನಡುವೆ ದಾಕ್ಷಾಯಿಣಿ ತನ್ನ ಕೇಂದ್ರದ ಹೊಸ ಬಳೆಯನ್ನೂ ತಂಗಿಯ ಕೈಗೆ ಏರಿಸಿದಳು. ಸೇರಿದ ಹೆಂಗಸರೆಲ್ಲ ಬಂದು ಬಂದು ನೋಡಿದರು. ಅಕ್ಕ ಅಂದರೆ ಹಿಂಗಿರಬೇಕು ಎಂದರು. ಕೆಲವು ವಾರ ಬಣ್ಣವಿಲ್ಲದೆ ಗಾಜಿನಂತಿದ್ದ ಆ ಬಳೆ ಒಂದು ಮುಂಜಾನೆ ಹಸಿರಾಯಿತು. ತಾಯಿ ಶಂಕ್ರಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿದಳು.

ಬಾಣಂತನ ಶಾಸ್ತ್ರೋಕ್ತವಾಗಿಯೇ ನಡೆಯಿತು. ಕಿಟಕಿ ಮುಚ್ಚಿದ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಹೊತ್ತು ಹೊತ್ತಿಗೆ ಅಳ್ವಿ ಪಾಯಸ, ಅಂಟಿನುಂಡೆ. ಇಷ್ಟೆಲ್ಲ ಆದರೂ ತೇಜಸ್ವಿನಿ ಚೇತರಿಸಿಕೊಳ್ಳಲಿಲ್ಲ. ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬಾಚಣಿಗೆಗೆ ಬರುತ್ತಿತ್ತು. ಮುಂಜಾನೆ ಎದ್ದಾಗ ಕೈಬೆರಳ ಗೆಣ್ಣುಗಳು ಊದಿ ಬಿಗಿದುಕೊಂಡಿರುತ್ತಿದ್ದವು. ಆಗಾಗ ಸಣ್ಣ ಜ್ವರ ಬಂದು ತಾನಾಗಿಯೇ ಇಳಿಯುತ್ತಿತ್ತು. ಹೊಸ ಬಾಣಂತಿಗೆ ಕೂದಲು ಉದುರುವುದು ಇದ್ದದ್ದೇ, ಥಂಡಿ ಸೇರಿದರೆ ಕೀಲು ಹಿಡಿಯುವುದೂ ಇದ್ದದ್ದೇ ಎಂದು ಶಂಕ್ರಮ್ಮ ಇನ್ನಷ್ಟು ಕೆಂಡ ಹಾಕಿದಳು. ಎಲ್ಲಕ್ಕಿಂತ ಹೆಚ್ಚಾಗಿ ಬಳೆ ಹಸಿರಾಗಿತ್ತು, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ, ಬಾವಿಯ ನೀರಿಗೆ ಮಾಡುವ ಗಂಗಿ ಪೂಜೆಗೆ ಬಾಣಂತಿಯನ್ನು ಹೊರಗೆ ಕರೆದುಕೊಂಡು ಹೋದರು. ಹೊಸ ಸೀರೆ, ಕಂಕುಳಲ್ಲಿ ಕೊಡ, ನೆತ್ತಿಯ ಮೇಲೆ ಸುಡುವ ಬಿಸಿಲು. ಅಷ್ಟು ದಿನ ಕತ್ತಲಲ್ಲಿದ್ದ ಮೈಗೆ ಅದು ಮೊದಲ ಬಿಸಿಲು. ಮನೆಗೆ ಬಂದವಳೇ ತೇಜಸ್ವಿನಿ ಮುಖ ಉರಿಯುತ್ತಿದೆ ಎಂದು ಮಲಗಿಬಿಟ್ಟಳು. ಮಾರನೆಯ ದಿನ ನೋಡಿದರೆ ಎರಡೂ ಕೆನ್ನೆಗಳ ಮೇಲೆ, ಮೂಗಿನ ಮೇಲೂ ಹಾದು, ಕೆಂಪಗೆ ಒಂದು ಮಚ್ಚೆ ಹರಡಿತ್ತು. ಮೂಗಿನ ಪಕ್ಕದ ಗೆರೆಗಳು ಮಾತ್ರ ಬೆಳ್ಳಗೇ ಉಳಿದಿದ್ದವು. ಶಂಕ್ರಮ್ಮ ಬಂಗು ಎಂದಳು. ಹಡೆದವರ ಮುಖಕ್ಕೆ ಬಂಗು ಬರುವುದು ಲೋಕಕ್ಕೆಲ್ಲ ಗೊತ್ತು. ಜಾಜಿಕಾಯಿ ತೇಯ್ದು ಹಚ್ಚಿದರು. ಉರಿ ತಾಳಲಾರದೆ ತೇಜಸ್ವಿನಿ ಅದನ್ನು ತೊಳೆದುಕೊಂಡಳು.

ಅದಾದ ಮೇಲೆ ಮನೆಯೊಳಗೆ ಮಾತು ಬೇರೆ ದಾರಿ ಹಿಡಿಯಿತು. ತೇಜಸ್ವಿನಿಯ ಗಂಡ ವೀರೇಶ ಕುಷ್ಟಗಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ. ಹೆಂಡತಿ ಕೂಸನ್ನು ಯಾವಾಗ ಕಳಿಸುತ್ತೀರಿ ಎಂದು ಅವನ ತಾಯಿ ಮೂರು ಹೊತ್ತೂ ಫೋನ್ ಮಾಡುತ್ತಿದ್ದಳು. ಇನ್ನೂ ಆರಾಮಿಲ್ಲ ಎಂದರೆ, ಬಳೆ ಹಸಿರಿದೆಯಲ್ಲ, ನೀವು ಕಳಿಸಿದ ಫೋಟೊದಾಗ ಕಾಣಸ್ತೈತಿ ಎನ್ನುತ್ತಿದ್ದಳು. ಸೊಸೆಗೆ ಗಂಡನ ಮನೆಗೆ ಬರಲು ಮನಸ್ಸಿಲ್ಲ ಎಂದು ನಾಲ್ಕು ಜನರ ಮುಂದೆ ಆಡಿಕೊಂಡಳಂತೆ. ಮಗಳು ನೆವ ಹೇಳುತ್ತಿದ್ದಾಳೇನೋ ಎಂದು ಶಂಕ್ರಮ್ಮನಿಗೂ ಒಳಗೊಳಗೇ ಅನುಮಾನ ಹುಟ್ಟಿತು. ಊರ ಡಾಕ್ಟರು ತೇಜಸ್ವಿನಿಯ ಮುಖವನ್ನು ಸರಿಯಾಗಿ ನೋಡಲೂ ಇಲ್ಲ. ಕೈ ಹಿಡಿದು, ಬಳೆ ನೋಡಿ, ರಕ್ತ ಸ್ವಲ್ಪ ಕಡಿಮೆ ಇದ್ದೀತು ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟು ಕಳಿಸಿದರು.

ಒಂದು ಬೆಳಿಗ್ಗೆ ದಾಕ್ಷಾಯಿಣಿ ಗಾಡಿಗೆ ಹೊರಟು ನಿಂತಿದ್ದಳು. ಒಳಗಿನಿಂದ ಕೂಸು ಕಿಟಾರನೆ ಕಿರುಚಿದ ಸದ್ದು. ಓಡಿ ಹೋಗಿ ನೋಡಿದರೆ ಕೂಸು ಹಾಸಿಗೆಯ ಅಂಚಿನಲ್ಲಿ ಬೋರಲಾಗಿ ಬಿದ್ದಿದೆ. ತೇಜಸ್ವಿನಿ ಎರಡೂ ಕೈ ಮುಂದೆ ಚಾಚಿಕೊಂಡು ಬೆಪ್ಪಾಗಿ ನಿಂತಿದ್ದಾಳೆ. ಎತ್ತಿಕೊಳ್ಳಲು ಹೋದಾಗ ಬೆರಳು ಮಡಚಲೇ ಇಲ್ಲವಂತೆ, ಕೂಸು ಜಾರಿಹೋಯಿತಂತೆ. ದಾಕ್ಷಾಯಿಣಿ ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಶಂಕ್ರಮ್ಮ ಬಂದು ಮೊದಲು ಮಗಳ ಮಣಿಕಟ್ಟು ನೋಡಿದಳು. ಆಮೇಲೆ ಮುಖ ತಿರುಗಿಸಿದಳು. ದಾಕ್ಷಾಯಿಣಿಯ ಕಣ್ಣೂ ಅಲ್ಲಿಗೇ ಹೋಗಿತ್ತು, ಅದನ್ನು ತೇಜಸ್ವಿನಿ ನೋಡಿಬಿಟ್ಟಳು.

“ಅಕ್ಕಾ, ನೀನೂ ಬಳಿನ ನೋಡಿದಿ ಹೌದಲ್ಲ? ಈ ಬಳಿ ನನ್ನ ಮ್ಯಾಲ ಸುಳ್ಳಸಾಕ್ಷಿ ಹೇಳಾಕತ್ತೈತಿ. ನಾ ಸತ್ತ ದಿನಾನೂ ಇದು ಹಸರ ಇರತೈತಿ, ನೋಡ್ಕೋತ ಇರು.”

ಗಾಡಿಯಲ್ಲಿ ಕೂತ ಮೇಲೂ ದಾಕ್ಷಾಯಿಣಿಯ ಕಿವಿಯಲ್ಲಿ ಅದೇ ಮಾತು. ತಂಗಿ ಸಣ್ಣವಳಿದ್ದಾಗಿನಿಂದ ಸುಳ್ಳು ಹೇಳಿ ಗೊತ್ತಿದ್ದವಳಲ್ಲ. ಹೇಳಿದರೂ ಮುಖದ ಮೇಲೇ ಸಿಕ್ಕಿಬೀಳುತ್ತಿದ್ದಳು. ಹಾಗಾದರೆ ಬಳೆ ಸುಳ್ಳೇ? ಅಷ್ಟು ವರ್ಷ ಜನರಿಗೆ ಅದನ್ನು ನಂಬಿ ನಂಬಿ ಎಂದು ಹೇಳಿದ ಬಾಯಿ ತನ್ನದೇ.

ಕೇಂದ್ರಕ್ಕೆ ಹೋದವಳೇ ತಂಗಿಯ ಚುಕ್ಕೆಯನ್ನು ಹುಡುಕಿ ತೆಗೆದಳು. ಬಣ್ಣ ಹಸಿರು, ತೀರ್ಪು ಸಹಜ. ಅವಳು ತೀರ್ಪನ್ನು ಬದಿಗಿಟ್ಟು ಅದರ ಹಿಂದಿನ ಬರಿಯ ಅಳತೆಗಳನ್ನು ತೆರೆದಳು. ಹಾಗೆ ತೆರೆಯುವ ಕೆಲಸ ಯಾರಿಗೂ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ತನ್ನದೇ ಬಳೆಯ ಅಳತೆಗಳನ್ನು ಇಟ್ಟುಕೊಂಡಳು. ಉರಿಯೂತದ ಗೆರೆ ತನ್ನದರಲ್ಲಿ ನೆಲಕ್ಕೆ ಹತ್ತಿಕೊಂಡು ಹರಿಯುತ್ತಿದ್ದರೆ ತಂಗಿಯದರಲ್ಲಿ ಅಟ್ಟದ ಮೇಲೆ ಕೂತಿತ್ತು. ಒಂದು ದಿನವೂ ಕೆಳಗೆ ಇಳಿದಿರಲಿಲ್ಲ. ನಾಡಿ ಜೋರು, ಮೈ ಬಿಸಿ. ಅವಳು ಎದ್ದು ಹೋಗಿ ಮೇಲಿನವರನ್ನು ಕರೆದಳು.

ಕೇಂದ್ರದ ಮುಖ್ಯ ಎಂಜಿನಿಯರ್ ದೇಸಾಯಿಯವರು ಬಂದು ನೋಡಿದರು. ತಣ್ಣಗಿನ ಮನುಷ್ಯ, ಯಾವುದಕ್ಕೂ ದನಿ ಏರಿಸಿದವರಲ್ಲ. ಬಳೆ ಕೆಟ್ಟಿಲ್ಲ ಎಂದರು. ಅದು ಓದಿದ್ದೆಲ್ಲ ಸರಿಯಾಗಿದೆ, ಮೊದಲ ವಾರಗಳಲ್ಲಿ ಕಲಿತದ್ದಕ್ಕೆ ಇವತ್ತಿನದು ತಾಳೆಯಾಗಿದೆ, ಆದ್ದರಿಂದ ಹಸಿರು ಎಂದು ಬಿಡಿಸಿ ಹೇಳಿದರು. ಕೆಲವರ ಮೈ ಸ್ವಭಾವತಃ ಹಾಗಿರುತ್ತದೆ ಎನ್ನಲು ಹೊರಟವರು ನಡುವೆ ನಿಂತರು.

“ಯಾವಾಗ ತೊಡಿಸಿದ್ರಿ ಇದನ್ನ?”

“ತೊಟ್ಟಿಲ ದಿನ ಸರ್. ಬಾಣಂತಿ ಬಳಿ ತೊಡಸೂ ಮುಂದ.”

ಹೆತ್ತ ಮೈ ಮೊದಲಿನಂತಾಗಲು ತಿಂಗಳುಗಳು ಬೇಕು, ಬಾಣಂತನ ಪೂರಾ ಮುಗಿಯುವ ತನಕ ತೊಡಿಸಬಾರದು ಎಂದು ಡಬ್ಬಿಯ ಮೇಲೆಯೇ ಬರೆದಿತ್ತು. ಅದು ದಾಕ್ಷಾಯಿಣಿಗೂ ಗೊತ್ತಿತ್ತು. ಆದರೆ ಬಳೆ ಎಂದ ಮೇಲೆ ಬಾಣಂತಿಗೆ ಬಳೆ ತೊಡಿಸುವುದು ತೊಟ್ಟಿಲ ದಿನವೇ, ಆ ದಿನ ಬಿಟ್ಟು ಇನ್ಯಾವಾಗ? ಅವಳ ಕೈ ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕತ್ತಲ ಕೋಣೆಯಲ್ಲಿ ತಂಗಿ ನರಳುತ್ತ ಮಲಗಿದ್ದ ಆ ವಾರಗಳನ್ನೇ ಬಳೆ ನೋಡಿತ್ತು, ಈ ಹೆಣ್ಣು ಹೀಗೇ ಇರುವುದು ಎಂದು ಕಲಿತಿತ್ತು.

“ಇದು ಅವರ ಸಹಜ ಅಲ್ಲ ದಾಕ್ಷಾಯಿಣಿಯವರ,” ದೇಸಾಯಿಯವರ ದನಿ ಕುಗ್ಗಿತ್ತು. “ಇದು ಅವರ ಜಡ್ಡು. ಬಳಿ ಜಡ್ಡನ್ನ ಕಲ್ತೈತಿ. ಇವತ್ತ ಕರ್ಕೊಂಡು ಬರ್ರಿ, ನಾಳೆ ಅನಬ್ಯಾಡ್ರಿ.”

ಅವಳು ಸಿಕ್ಕ ಗಾಡಿ ಹತ್ತಿ ಮನೆಗೆ ಬಂದಾಗ ತೇಜಸ್ವಿನಿ ಗೋಡೆಗೆ ಒರಗಿ ಕೂತಿದ್ದಳು. ಪಾದಗಳು ಊದಿ ಕಾಲುಂಗುರಗಳು ಹೂತುಹೋಗಿದ್ದವು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮೂತ್ರ ಹೋದರೆ ಸೋಪಿನ ನೀರಿನ ಹಾಗೆ ನೊರೆ ಏಳುತ್ತದೆ, ಸುಮಾರು ದಿನದಿಂದ ಹಾಗೇ ಇದೆ ಎಂದು ಆಕೆ ನಾಚಿಕೊಳ್ಳುತ್ತ ಹೇಳಿದಳು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಲು ದಾಕ್ಷಾಯಿಣಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಕೇಳುವವರಾದರೂ ಯಾರಿದ್ದರು?

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಮೀಳಾ ಮೇಟಿ ಎಂಬುವರಿದ್ದರು. ಅವರು ತೇಜಸ್ವಿನಿಯ ಬಳೆಯ ಮೇಲೆ ತಮ್ಮ ಕರವಸ್ತ್ರ ಹಾಕಿ ಮುಚ್ಚಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಒಂದೊಂದಾಗಿ ಕೇಳತೊಡಗಿದರು. ಕೀಲು ನೋವು ಮುಂಜಾನೆ ಹೆಚ್ಚೋ, ಸಂಜೆ ಹೆಚ್ಚೋ. ಬಿಸಿಲಿಗೆ ಹೋದರೆ ಏನಾಗುತ್ತದೆ. ಉಸಿರು ಎಳೆದಾಗ ಎದೆ ಚುಚ್ಚುತ್ತದೆಯೇ. ತಣ್ಣೀರಲ್ಲಿ ಕೈಯಿಟ್ಟರೆ ಬೆರಳ ತುದಿ ಬಿಳಿಚುತ್ತದೆಯೇ. ಬಾಯಿ ತೆರೆಸಿ ಟಾರ್ಚು ಹಿಡಿದಾಗ ಅಂಗುಳದಲ್ಲಿ ಒಂದು ಹುಣ್ಣು ಕಂಡಿತು. ಅದು ನೋಯದ ಹುಣ್ಣು, ಇದ್ದದ್ದೇ ತೇಜಸ್ವಿನಿಗೆ ಗೊತ್ತಿರಲಿಲ್ಲ. ಮುಖದ ಮಚ್ಚೆಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಬಂಗು ಕಂದು ಬಣ್ಣದ್ದು, ಚರ್ಮಕ್ಕೆ ಸಮನಾಗಿರುತ್ತದೆ, ಇದು ಕೆಂಪಗಿದೆ, ಉಬ್ಬಿ ಕೈಗೆ ಹತ್ತುತ್ತದೆ ಎಂದು ಶಂಕ್ರಮ್ಮನ ಬೆರಳನ್ನೇ ಹಿಡಿದು ಮುಟ್ಟಿಸಿ ತೋರಿಸಿದರು.

“ಪಾತರಗಿತ್ತಿ ರೆಕ್ಕಿ ಬಿಚ್ಚಿ ಕುಂತಂಗ ಕಾಣತೈತಲ್ಲ, ಇದರ ಮ್ಯಾಲ ನನಗ ಮೊದಲ ಅನುಮಾನ,” ಎಂದರು.

ರಕ್ತ, ಮೂತ್ರ ಎಲ್ಲವೂ ಪರೀಕ್ಷೆಗೆ ಹೋಯಿತು. ಕಾಯುವ ಆ ಎರಡು ದಿನ ದಾಕ್ಷಾಯಿಣಿ ಅನ್ನ ಮುಟ್ಟಲಿಲ್ಲ. ಕೊನೆಗೆ ಡಾಕ್ಟರು ಕರೆದು ಕೂರಿಸಿ ರೋಗದ ಹೆಸರು ಹೇಳಿದರು. ಲೂಪಸ್. ಮನೆ ಕಾಯಲು ಇಟ್ಟ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಇದು ಎಂದರು. ರೋಗಾಣುಗಳ ಮೇಲೆ ಹೋಗಬೇಕಾದ ಮೈಯ ಕಾವಲು ಪಡೆ ತನ್ನದೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಇದಕ್ಕೆ ಒಂದೇ ಗುರುತು, ಒಂದೇ ಪರೀಕ್ಷೆ ಅಂತಿಲ್ಲ. ಒಂದು ಲಕ್ಷಣ ಇವತ್ತು, ಇನ್ನೊಂದು ಮುಂದಿನ ತಿಂಗಳು ಬಂದು ಹೋಗುತ್ತದೆ. ಎಲ್ಲವನ್ನೂ ಕೂಡಿಸಿ ನೋಡುವವರಿಲ್ಲದಿದ್ದರೆ ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳಿಕೊಂಡು ಕೂರಬಹುದು. ರಕ್ತದಲ್ಲಿ ತನ್ನ ಜೀವಕಣಗಳ ಮೇಲೆಯೇ ತಿರುಗಿಬಿದ್ದ ಪ್ರತಿಕಾಯಗಳು ಸಿಕ್ಕಿವೆ, ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆ. ಮೂತ್ರಪಿಂಡಕ್ಕೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಸೂಜಿ ಹಾಕಿ ಚೂರು ತೆಗೆಯಬೇಕು. ಬೇಗ ಬಂದಿದ್ದರೆ ಎಂಬ ಮಾತು ಅವರ ಬಾಯಿಗೆ ಬಂದು ಹಿಂದೆ ಹೋದದ್ದು ದಾಕ್ಷಾಯಿಣಿಗೆ ಕಂಡಿತು.

ಮೈ ತನ್ನವರನ್ನು ಕಳ್ಳರೆಂದು ತಿಳಿದಿತ್ತು, ಬಳೆ ಕಳ್ಳನನ್ನು ಮನೆಯವನೆಂದು ತಿಳಿದಿತ್ತು. ಎರಡರ ನಡುವೆ ಸಿಕ್ಕವಳು ದಾಕ್ಷಾಯಿಣಿಯ ತಂಗಿ. ಅಷ್ಟರಲ್ಲಿ ಡಾಕ್ಟರು ಕೂಸನ್ನೂ ಕರೆತನ್ನಿ ಎಂದರು. ತಾಯಿಯ ರಕ್ತದ ಆ ಪ್ರತಿಕಾಯಗಳು ಕೆಲವೊಮ್ಮೆ ಹೊಟ್ಟೆಯಲ್ಲಿರುವಾಗಲೇ ಕೂಸಿನ ಹೃದಯವನ್ನು ಮುಟ್ಟಿಬಿಡುತ್ತವಂತೆ. ಅವರು ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ತೇಜಸ್ವಿನಿ ಅಕ್ಕನ ತೋಳಿಗೆ ಉಗುರು ನಾಟುವಂತೆ ಹಿಡಿದಿದ್ದಳು. ಯಂತ್ರಕ್ಕೂ ಹಚ್ಚಿ ನೋಡಿ, ಇವಳ ಗುಂಡಿಗೆ ಕುದುರೆ ಓಡಿದ ಹಾಗೆ ಓಡುತ್ತಿದೆ, ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ಶಂಕ್ರಮ್ಮ ಕೂಸನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಚಿಕಿತ್ಸೆಗೆ ಮೊದಲು ಬಳೆ ತೆಗೆಯಬೇಕಾಗಿತ್ತು. ಸೂಜಿ ಹಾಕುವ ಕೈ ಅದೇ. ಊತಕ್ಕೆ ಬಳೆ ಕಚ್ಚಿಕೊಂಡಿತ್ತು. ಮುತ್ತೈದೆಯ ಕೈಯಿಂದ, ಅದರಲ್ಲೂ ತೊಟ್ಟಿಲ ದಿನ ತವರು ತೊಡಿಸಿದ ಬಳೆಯನ್ನು ತೆಗೆಯುವುದೆಂದರೆ ಶಂಕ್ರಮ್ಮನಿಗೆ ಪ್ರಾಣ ಹೋದಂತೆ. ನರ್ಸು ಕತ್ತರಿ ತಂದಾಗ ಆಕೆ ಬೇಡವೆಂದು ಕೈ ಅಡ್ಡ ಹಿಡಿದಳು. ಆಮೇಲೆ ತಾನೇ ಸೋಪಿನ ನೊರೆ ಮಾಡಿ, ಮಗಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸಣ್ಣವಳಿದ್ದಾಗ ಮಾಡುತ್ತಿದ್ದ ಹಾಗೆ ಮೆಲ್ಲಗೆ ತಿರುವಿ ತಿರುವಿ ಹೊರಗೆ ತೆಗೆದಳು. ಅದು ಆಗಲೂ ಹಸಿರಾಗಿತ್ತು. ಶಂಕ್ರಮ್ಮ ಅದನ್ನು ಎತ್ತಿ ಕಸದ ಡಬ್ಬಿಗೆ ಒಗೆದಳು.

ರಕ್ತನಾಳಕ್ಕೆ ಔಷಧ ಹರಿಸಿದರು. ಗುಳಿಗೆಗಳು ಶುರುವಾದವು. ತೆಗೆದ ಚೂರನ್ನು ಪರೀಕ್ಷಿಸಿ, ಮೂತ್ರಪಿಂಡಗಳಿಗೆ ಪೆಟ್ಟಾಗಿದೆ, ಆದರೆ ಕೈ ಮೀರಿಲ್ಲ ಎಂದು ಡಾಕ್ಟರು ಹೇಳಿದರು. ಈ ರೋಗ ಬಿಟ್ಟು ಹೋಗುವುದಿಲ್ಲ, ಮಲಗಿಸಿ ಇಡಬಹುದು, ಯಾವಾಗ ಏಳುತ್ತದೆ ಎಂದು ಕಾಯುತ್ತಿರಬೇಕು ಎಂದೂ ಹೇಳಿದರು. ಕಾಯುವವರು ಯಾರು ಎಂದು ತೇಜಸ್ವಿನಿ ಕೇಳಿದಳು. ಹೊಸ ಬಳೆ ತೊಟ್ಟರೆ ಮತ್ತೆ ಇವತ್ತಿನ ಮೈಯನ್ನೇ ಸಹಜವೆಂದು ಕಲಿಯುತ್ತದೆ. ಆರೋಗ್ಯದ ದಿನಗಳ ಅಳತೆ ಯಾರ ಹತ್ತಿರವೂ ಇಲ್ಲ. ಅಂದಿನಿಂದ ಶಂಕ್ರಮ್ಮ ಬೆಳಿಗ್ಗೆ ಎದ್ದವಳೇ ಮಗಳ ಮುಖ ನೋಡುತ್ತಾಳೆ, ಬೆರಳು ಮಡಚು ಎನ್ನುತ್ತಾಳೆ, ಆರಾಮ ಅದಿಯೇನವ್ವಾ ಎಂದು ಕೇಳುತ್ತಾಳೆ. ವೀರೇಶನೂ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತವನು ಅದನ್ನೇ ಕೇಳಿದ. ತೇಜಸ್ವಿನಿ ಹೆದರಿಕೆಯಾಗುತ್ತದೆ ಎಂದಳು. ಅವನು ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತ.

ದಾಕ್ಷಾಯಿಣಿ ಕೆಲಸಕ್ಕೆ ಮರಳಿದ ದಿನ ದೇಸಾಯಿಯವರು ಅವಳಿಗಾಗಿ ಕಾಯುತ್ತಿದ್ದರು. ಹೆರಿಗೆಯಾದ ಹೊಸತರಲ್ಲಿ ಬಳೆ ತೊಟ್ಟವರನ್ನು ಮಾತ್ರ ಗೋಡೆಯ ಮೇಲೆ ಉಳಿಸಿ, ಮಿಕ್ಕವರ ಚುಕ್ಕೆಗಳನ್ನು ನಂದಿಸಿ ತೋರಿಸಿದರು. ನಾಲ್ಕಾರು ಚುಕ್ಕೆ ಉಳಿಯಬಹುದು ಎಂದುಕೊಂಡಿದ್ದಳು. ಗೋಡೆಯ ಉದ್ದಕ್ಕೂ, ಊರೂರಿನಲ್ಲೂ, ಹಸಿರು ಹಸಿರಾಗಿ ಉಳಿದವು. ಎಲ್ಲ ತವರುಗಳೂ ಬಳೆಯನ್ನು ತೊಟ್ಟಿಲ ದಿನವೇ ತೊಡಿಸಿದ್ದವು. ಇವರಲ್ಲಿ ಬಹಳ ಜನ ನಿಜಕ್ಕೂ ಆರಾಮಿರಬಹುದು, ಇಲ್ಲದವರು ಯಾರೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಬಾಣಂತಿಯರ ಅಳತೆಗಳು ಹೇಗೂ ಏರುಪೇರೇ, ಗಟ್ಟಿಯಾಗಿರುವವರ ಅಳತೆಯ ಪಕ್ಕದಲ್ಲಿಟ್ಟು ಹೋಲಿಸಿ ಜಡ್ಡಿನವರನ್ನು ಆರಿಸುವುದೂ ಆಗದ ಮಾತು ಎಂದು ದೇಸಾಯಿಯವರು ಹೇಳಿದರು. ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆ ತುಂಬಿಸುತ್ತಿದ್ದ ಅದೇ ಹಸಿರಿನಲ್ಲಿ ಅವಳು ಈಗ ಒಂದೊಂದೇ ಚುಕ್ಕೆಯ ಹೆಸರು ಓದತೊಡಗಿದಳು.

ಹಸಿರಿನವರಿಗೆ ಫೋನ್ ಮಾಡುವಂತಿಲ್ಲ ಎಂಬ ನಿಯಮ ಇನ್ನೂ ಹಾಗೇ ಇತ್ತು. ಮೇಲಿನವರು ಒಪ್ಪಿಗೆ ಕೊಡಲು ದಿನ ಹಿಡಿಯುತ್ತದೆ ಎಂದು ದೇಸಾಯಿಯವರು ಹೇಳಿ, ನೋಡಿಯೂ ನೋಡದವರಂತೆ ಬೆನ್ನು ತಿರುಗಿಸಿ ನಿಂತರು. ದಾಕ್ಷಾಯಿಣಿ ಮೊದಲ ಚುಕ್ಕೆಯನ್ನು ಒತ್ತಿದಳು. ರೋಣದ ಕಡೆಯ ಒಂದು ಮನೆ. ಎಳೆಯ ದನಿಯೊಂದು ಹಲೋ ಎಂದಿತು, ಹಿಂದೆ ಕೂಸು ಅಳುತ್ತಿತ್ತು.

“ಆರಾಮ ಅದೀರೇನವ್ವಾ?”

“ಹೂಂ ರೀ. ಬಳಿ ಹಸರ ಐತ್ರಿ.”

“ಬಳಿ ಬಿಡ್ರಿ. ನಾ ನಿಮ್ಮನ್ನ ಕೇಳಾಕತ್ತೀನಿ.”

ಆ ಕಡೆಯವಳು ಎದ್ದು ಹೋದಂತಾಯಿತು. ಬಾಗಿಲು ಮುಚ್ಚಿದ ಸದ್ದಾಯಿತು, ಕೂಸಿನ ಅಳು ದೂರವಾಯಿತು. ಫೋನ್ ಇಟ್ಟುಬಿಟ್ಟಳೇನೋ ಎಂದು ದಾಕ್ಷಾಯಿಣಿ ಅಂದುಕೊಳ್ಳುವಷ್ಟರಲ್ಲಿ ದನಿ ಮತ್ತೆ ಬಂತು, ಪಿಸುಮಾತಿನಲ್ಲಿ.

“ಮುಂಜಾನೆ ಎದ್ದಾಗ ಬೆರಳು ಮಡಚಂಗಿಲ್ರೀ. ಬಿಸಲಿಗೆ ಹೋದ್ರ ಮಾರಿ ಉರೀತೈತಿ. ಯಾರ ಮುಂದೂ ಹೇಳಬ್ಯಾಡ್ರೀ ಅಕ್ಕಾರ, ನಮ್ಮ ಮನ್ಯಾಗ ಯಾರೂ ನಂಬಂಗಿಲ್ಲ.”

ಗೋಡೆಯ ಮೇಲೆ ಅವಳ ಚುಕ್ಕೆ ಹಸಿರಾಗಿಯೇ ಇತ್ತು.